ನಮ್ಮ ವಿಜ್ಞಾನಿಯ ನೊರೆ

ನನ್ನ ಅಳಿಯ ನೀರಿನ ಫಿಲ್ಟರ್ ಮಾರುವವನು. ಮೊಬೈಲಿನ ಎದುರು ನಿಂತರೆ ಮಾತ್ರ ವಿಜ್ಞಾನಿ. ಎದುರಿಗೆ ನಾನು ‘ನೀವು’ ಎನ್ನುತ್ತೇನೆ, ಮನಸ್ಸಿನಲ್ಲಿ ಅಲ್ಲ. ‘ಮನೆಯಲ್ಲೇ ವಿಜ್ಞಾನ’ ಎಂದು ಅವನು ವಿಡಿಯೊ ಮಾಡಿ ಹಾಕುತ್ತಾನೆ. ನೋಡುವವರನ್ನು ಕೈಬೆರಳಲ್ಲಿ ಎಣಿಸಬಹುದು, ಅದರಲ್ಲೂ ಒಂದು ಬೆರಳು ಅವನದೇ.

ಆ ಭಾನುವಾರ ನೊರೆಯ ಪ್ರಯೋಗ. ಮಗಳು ಹೊರಗೆ ಹೋಗಿದ್ದಳು. ಇವನು ಸಕ್ಕರೆ ಡಬ್ಬಕ್ಕೆ ಮೊಬೈಲ್ ಒರಗಿಸಿ, ಹೂದಾನಿಗೆ ಏನೋ ಸುರಿದು, ಪಾತ್ರೆ ತೊಳೆಯುವ ಸೋಪು ಹಾಕಿ, ಬಿಸಿನೀರಲ್ಲಿ ಕಲಸಿದ ಯೀಸ್ಟ್ ಬಗ್ಗಿಸಿದ. ನೊರೆ ಬುಸ್ಸೆಂದು ಎದ್ದು ಒಲೆ, ಕಟ್ಟೆ, ಮಸಾಲೆ ಡಬ್ಬಗಳನ್ನೆಲ್ಲ ಮುಳುಗಿಸಿ ನನ್ನ ಚಪ್ಪಲಿಯವರೆಗೂ ಬಂತು. ಸುರಿದದ್ದು ಏನೆಂದು ಕೇಳಿದೆ. ಔಷಧಿ ಅಂಗಡಿಯದು, ನಿಮಗೆ ಅರ್ಥವಾಗುವುದಿಲ್ಲ ಎಂದ. ಒರೆಸುವುದು ಮಾತ್ರ ನನಗೆ ಅರ್ಥವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಟ್ಟೆ ಕೈಗೆ ಕೊಟ್ಟು ಹೋದ.

ನನ್ನ ಮಗಳು ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುತ್ತಾಳೆ. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಅಷ್ಟೇ. ಮಾರನೆಯ ದಿನ ಪೇಟೆಯ ದೊಡ್ಡ ಪಾರ್ಲರಿನ ಯಜಮಾನಿ ಬರುವುದಿತ್ತು. ಕೈಚಳಕ ಮೆಚ್ಚಿಗೆಯಾದರೆ ಬಣ್ಣದ ವಿಭಾಗ ಪೂರ್ತಿ ಇವಳಿಗೆ. ಆ ಕೆಲಸಕ್ಕಾಗಿ ಮಗಳು ಎಷ್ಟು ಹಂಬಲಿಸಿದ್ದಳೆಂದು ನನಗೆ ಗೊತ್ತು.

ಯಜಮಾನಿ ಬಂದು ತಾನೇ ಕುರ್ಚಿಯಲ್ಲಿ ಕೂತಳು. ತನ್ನ ಕಪ್ಪು ಕೂದಲಿನ ಒಂದೇ ಎಳೆಯನ್ನು ಬಂಗಾರದ ಬಣ್ಣಕ್ಕೆ ತರಬೇಕೆಂದಳು. ಮಗಳು ಕಪಾಟಿನಿಂದ ಕೂದಲಿನ ಕಪ್ಪು ತೆಗೆಯುವ ಪೆರಾಕ್ಸೈಡ್ ಬಾಟಲಿ ತೆಗೆದು ಬ್ಲೀಚ್ ಪುಡಿಗೆ ಬೆರೆಸಿ, ಬ್ರಷ್ಷಿನಲ್ಲಿ ಹಚ್ಚಿ, ಹಾಳೆ ಸುತ್ತಿ ಕಾದಳು. ಬಿಚ್ಚಿ ನೋಡಿದರೆ ಕೂದಲು ಕಪ್ಪಗೇ ಇತ್ತು. ಮತ್ತೆ ಹಚ್ಚಿದಳು. ಈ ಸಲ ತುಕ್ಕು ಹಿಡಿದ ಮೊಳೆಯ ಬಣ್ಣ ಬಂತು. ಮಗಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಯಜಮಾನಿ ಗಡಿಯಾರ ನೋಡಿದಳು.

ಅಳಿಯ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದ. ಎಂದೂ ಬಾಯಿ ಮುಚ್ಚದವನು ಅಂದು ತುಟಿ ಬಿಚ್ಚಿರಲಿಲ್ಲ. ಹಾಗೇ ಇದ್ದಿದ್ದರೆ ಬಚಾವಾಗುತ್ತಿದ್ದನೇನೋ. ಆದರೆ ಯಜಮಾನಿ ಬೇಸರ ಕಳೆಯಲು ಅವನನ್ನು, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಅಷ್ಟು ಸಾಕಾಯಿತು ಆ ಪುಣ್ಯಾತ್ಮನಿಗೆ. ಹಿಂದುಮುಂದು ನೋಡದೆ ಮೊಬೈಲ್ ತೆಗೆದು ಅವಳ ಮೂಗಿನ ಕೆಳಗೆ ಹಿಡಿದ.

ವಿಡಿಯೊದಲ್ಲಿ ಅವನ ದನಿ ಗತ್ತಿನಿಂದ ಹೇಳುತ್ತಿತ್ತು, ಬೇಕಾದ್ದೆಲ್ಲ ಮನೆಯಲ್ಲೇ ಸಿಗುತ್ತದೆ ಎಂದು. ಆಮೇಲೆ ಅವನ ಕೈ ಬಂತು, ಕೈಯಲ್ಲಿ ಬಾಟಲಿ. ಅದರ ನೀಲಿ ಮುಚ್ಚಳಕ್ಕೆ ಮಗಳು ಸುತ್ತಿದ್ದ ಕೆಂಪು ರಬ್ಬರ್ ಬ್ಯಾಂಡ್ ಕೂಡ ಎದ್ದು ಕಾಣುತ್ತಿತ್ತು. ಅದನ್ನು ಕೊನೆಯ ಹನಿಯವರೆಗೂ ಹೂದಾನಿಗೆ ಬಗ್ಗಿಸಿದ್ದ.

ಕನ್ನಡಿಯ ಮುಂದೆ ಅದೇ ಮುಚ್ಚಳದ, ಅದೇ ಬ್ಯಾಂಡಿನ ಬಾಟಲಿ ಮುಕ್ಕಾಲು ತುಂಬಿ ನಿಂತಿತ್ತು. ಪೆರಾಕ್ಸೈಡ್ ನೋಡಲು ನೀರಿನ ಹಾಗೇ ಇರುತ್ತದೆ. ಖಾಲಿಯಾದ ಬಾಟಲಿಗೆ ನಲ್ಲಿ ನೀರು ಹಿಡಿದಿಟ್ಟಿದ್ದ ನಮ್ಮ ವಿಜ್ಞಾನಿ. ಬರೀ ಪುಡಿಯ ಬಲಕ್ಕೆ ಕೂದಲು ಅಷ್ಟಾದರೂ ಕೆಂಪಾಗಿತ್ತು.

ಮಗಳು ಬ್ರಷ್ ಕೆಳಗಿಟ್ಟಳು.

“ಆಗಿನಿಂದ ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡಿದ್ದೆ,” ಎಂದಳು. “ನೀವು ನೋಡ್ತಾ ನಿಂತಿದ್ರಿ, ಅಲ್ವಾ?”

ಅವನು ಮೊಬೈಲ್ ಜೇಬಿಗೆ ಹಾಕಿಕೊಂಡ. ಯಜಮಾನಿ ಕನ್ನಡಿಯಲ್ಲಿ ಅವನನ್ನು ಮೇಲಿಂದ ಕೆಳಗೆ ಅಳೆದು, ನನ್ನ ಮಗಳ ಕಡೆ ತಿರುಗಿ, ನಾಳೆ ತನ್ನಲ್ಲಿಗೇ ಬಂದು ಈ ಕೂದಲು ಸರಿಮಾಡು, ಅಲ್ಲಿನ ಕಪಾಟಿಗೆ ಬೀಗ ಇದೆ ಎಂದಳು.

ಯಜಮಾನಿ ಹೋದ ಮೇಲೆ ಅಳಿಯ ಅಡುಗೆಮನೆಗೆ ಬಂದ. ಮುಖ ಸಣ್ಣದಾಗಿತ್ತು.

“ಅತ್ತೆ, ನಿಮ್ಮ ಮಗಳಿಗೆ ನೀವೇ ಒಂದು ಮಾತು ಹೇಳಿ. ನಾನು ಬೇಕಂತ ಸುರೀಲಿಲ್ಲ.”

ಒಲೆಯ ಸಂದಿಯಲ್ಲಿ ಒಣಗಿದ್ದ ನೊರೆಯನ್ನು ನಾನು ಇನ್ನೂ ಕೆರೆಯುತ್ತಿದ್ದೆ. ಚಾಕು ಅವನ ಕೈಗೆ ಕೊಟ್ಟೆ.

“ಸುರಿದದ್ದು ಇರಲಿ ಬಿಡಿ, ಅಳಿಯಂದ್ರೇ. ನೀರು ತುಂಬಿಸಿದ್ದು ಬೇಕಂತಲೇ ಅಲ್ವಾ?”

ಅವನು ಒಲೆ ಕೆರೆಯತೊಡಗಿದ.