ಅಪೊಲೊನಿಯಾ ಬಾಯಿಯ ಹುಲ್ಲು

ಗೆಳತಿ ಒಲಿಂಡಾ ತನ್ನ ವಿಲ್ಲಾದ ಕೀಲಿಕೈಯನ್ನು ನನ್ನ ಕೈಗಿಟ್ಟು ಬೇಡಿಕೊಂಡದ್ದು ಒಂದೇ ಸಂಗತಿ, ಹಿತ್ತಿಲಿನ ಹುಲ್ಲು ಸಾಯಬಾರದು. ಅವಳೂ ಗಂಡ ಕ್ಲಾರೆನ್ಸನೂ ಮಗಳ ಬಾಣಂತನಕ್ಕೆಂದು ನವೆಂಬರಿನಲ್ಲಿ ಕೆನಡಾಕ್ಕೆ ಹೊರಟಿದ್ದರು, ವಾಪಸು ಬರುವುದು ಜೂನ್ ಕೊನೆಗೆ. ಅಲ್ಲಿಯ ತನಕ ನಾವು ದುಬೈಯ ಅಲ್ ಬರ್ಷಾದಲ್ಲಿದ್ದ ನಮ್ಮ ಫ್ಲ್ಯಾಟನ್ನು ಮಗನಿಗೆ ಬಿಟ್ಟು ಅವರ ಮನೆ ನೋಡಿಕೊಳ್ಳುವುದೆಂದು ಮಾತಾಗಿತ್ತು. ನನ್ನ ಗಂಡ ಶೀನಪ್ಪನವರು ಸ್ಟೋರ್‌ಕೀಪರ್ ಆಗಿರುವ ಗೋದಾಮು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಆ ವಿಲ್ಲಾಕ್ಕೆ ಹತ್ತಿರ.

ಹುಲ್ಲು ನೆಟ್ಟವರು ಒಲಿಂಡಾಳ ಅಮ್ಮ ಅಪೊಲೊನಿಯಾ ಬಾಯಿ. ವಿಸಿಟ್ ವೀಸಾದಲ್ಲಿ ಬಂದವರು ಲಾಕ್‌ಡೌನಿಗೆ ಇಲ್ಲೇ ಸಿಕ್ಕಿಬಿದ್ದು, ಸುಮ್ಮನೆ ಕೂರಲಾರದೆ ಆ ಬರಿ ಮರಳಿನಲ್ಲಿ ಹಸಿರು ಎಬ್ಬಿಸಿದರಂತೆ. ಊರಿಗೆ ಮರಳಿದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಆಗ ವಿಮಾನಗಳು ಮತ್ತೆ ನಿಂತಿದ್ದವು.

"ಅಮ್ಮನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ವಸಂತಿಯಕ್ಕ, ಇದೊಂದು ಉಂಟು" ಎಂದಿದ್ದಳು ಒಲಿಂಡಾ. ಅದನ್ನು ಕೇಳಿದ ಮೇಲೆ ಆ ಹುಲ್ಲಿನ ಮೇಲೆ ಚಪ್ಪಲಿ ಹಾಕಿ ನಡೆಯಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಇವರಿಗೋ ಹಾಲು ಕುಡಿದಷ್ಟು ಸಂತೋಷ. ಕಾಪುವಿನ ಗದ್ದೆಯಲ್ಲಿ ಬೆಳೆದ ಮನುಷ್ಯ, ಸತ್ವಾದ ಬ್ಯಾಚುಲರ್ ರೂಮಿನಲ್ಲಿ ಯೌವನ ಕಳೆದು, ಮದುವೆಯಾದ ಮೇಲೆ ಬರ್ಷಾದ ಬಾಲ್ಕನಿಯಲ್ಲಿ ಒಂದು ತುಳಸಿ ಸಾಕಿದವರು. ಈಗ ಕಾಲಡಿಗೆ ಮಣ್ಣು ಸಿಕ್ಕಿತ್ತು. ಕ್ಲಾರೆನ್ಸ್ ಹೊರಡುವ ಮುಂಚೆ ಎಲ್ಲ ವಿವರಿಸಿದ್ದ. ಇಲ್ಲಿಯ ಹವೆಗೆ ಒಂದೇ ಹುಲ್ಲು ವರ್ಷವಿಡೀ ಹಸಿರಾಗಿ ನಿಲ್ಲುವುದಿಲ್ಲ. ಬೇಸಗೆಯದ್ದು ಚಳಿಗೆ ಕಂದುತ್ತದೆ, ಚಳಿಗೆ ಬರುವ ರೈ ಹುಲ್ಲು ಬೇಸಗೆಗೆ ಸಾಯುತ್ತದೆ. ಆದ್ದರಿಂದ ಕಂದಿದಾಗ ರೈ ಬೀಜ ಹಾಕಬೇಕು. ಇವರಿಗೆ ಅಷ್ಟು ಸಾಕಾಯಿತು. ನಮ್ಮಲ್ಲಿ ಮಳೆಗಾಲಕ್ಕೆ ಏಣೆಲು, ಅದು ಕೊಯ್ದ ಮೇಲೆ ಸುಗ್ಗಿ, ಒಂದೇ ಗದ್ದೆಗೆ ಎರಡು ಬೆಳೆ ಇಲ್ಲವೇ, ಇದೂ ಹಾಗೆಯೇ ಎಂದರು.

ಡಿಸೆಂಬರಿನಲ್ಲಿ ಹುಲ್ಲು ಒಣ ಬೈಹುಲ್ಲಿನ ಬಣ್ಣಕ್ಕೆ ತಿರುಗಿತು. ಒಂದು ಶುಕ್ರವಾರ ನಾನು ಮಗನ ಫ್ಲ್ಯಾಟಿಗೆ ಹೋಗಿ ಬರುವಷ್ಟರಲ್ಲಿ ಇವರು ಅದನ್ನೆಲ್ಲ ಬೇರುಸಹಿತ ಕಿತ್ತು, ಮಣ್ಣು ಅಗೆದು, ಹಲಗೆ ಎಳೆದು ಸಮ ಮಾಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, "ಹಳೆ ಕೂಳೆಯ ಮೇಲೆ ಯಾರಾದ್ರೂ ಬೀಜ ಹಾಕ್ತಾರಾ ಮಾರಾಯ್ತಿ?"

ನನಗೂ ಹೌದೆನಿಸಿತು. ನಾನೂ ಗದ್ದೆಯವರ ಮಗಳೇ. ಅಮ್ಮನ ಹುಲ್ಲು ಹೋಯಿತಲ್ಲ ಎಂದು ಒಂದು ಗಳಿಗೆ ಮನಸ್ಸು ಚುರುಕ್ಕೆಂದದ್ದು ನಿಜ, ಆದರೆ ಅದು ಸತ್ತೇ ಹೋಗಿದೆ ಎಂದುಕೊಂಡೆ. ಕಿತ್ತದ್ದನ್ನು ಎಸೆಯಲು ಇವರಿಗೆ ಕೈ ಬರಲಿಲ್ಲ. ಗೊಬ್ಬರವಾದೀತೆಂದು ಮನೆಯ ಹಿಂದಿನ ಇಕ್ಕಟ್ಟು ಸಂದಿಯಲ್ಲಿ ಎಸಿ ಪೈಪಿನ ಕೆಳಗೆ ರಾಶಿ ಹಾಕಿದರು.

ರೈ ಹುಲ್ಲು ಎಂಥ ಚಂದ ಬಂತು! ಫೋಟೋ ಕಳಿಸಿದಾಗಲೆಲ್ಲ ಒಲಿಂಡಾ ಹೃದಯದ ಚಿತ್ರಗಳನ್ನು ಸುರಿಸುತ್ತಿದ್ದಳು. ಇವರು ಗೋದಾಮಿನಲ್ಲಿ ಸಿಕ್ಕಸಿಕ್ಕವರಿಗೆ ಮೊಬೈಲ್ ತೋರಿಸುತ್ತಿದ್ದರು. ಮೇ ತಿಂಗಳ ಬಿಸಿಲು ಏರಿತು, ಹುಲ್ಲು ಹಳದಿಯಾಯಿತು, ನೀರು ಹೆಚ್ಚಿಸಿದಷ್ಟೂ ಕೊಳೆತು ಕೊನೆಗೆ ಮಲಗಿಬಿಟ್ಟಿತು. ಇವರು ಹೆದರಿ ಕ್ಲಾರೆನ್ಸನಿಗೆ ಫೋನು ಮಾಡಿದರು.

ಅವನು ನಕ್ಕ. "ರೈ ಹೋಗುದೇ ಶೀನಪ್ಪಣ್ಣ, ಅದರ ಟೈಮ್ ಖಲಾಸ್. ಅಡಿಯಲ್ಲಿ ಅತ್ತೆಯ ಹುಲ್ಲು ಮಲಗಿದೆಯಲ್ಲ, ಅದು ಏಳ್ತದೆ ಇನ್ನು."

ಇವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಫೋನು ಇಟ್ಟರು. ಚಳಿಗೆ ಹುಲ್ಲು ಸತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ನಿದ್ದೆಯಲ್ಲಿದ್ದದ್ದನ್ನು ನಾವು ಕಿತ್ತು ಹಾಕಿದ್ದೆವು. ಇಬ್ಬರೂ ಸೌಟಿನಿಂದ ಅಲ್ಲಲ್ಲಿ ಕೆದಕಿ ನೋಡಿದೆವು. ಹೇಳಿಕೊಳ್ಳುವಂಥ ಒಂದು ಬೇರೂ ಸಿಗಲಿಲ್ಲ.

ಆ ದಿನ ಇವರು ಊಟಕ್ಕೇಳಲಿಲ್ಲ. ಮಾರನೆಯ ದಿನ, ನರ್ಸರಿಯಲ್ಲಿ ಚಾಪೆಯ ಹಾಗೆ ಸುತ್ತಿದ ಹುಲ್ಲು ಸಿಗುತ್ತದೆ, ತಂದು ಹಾಸಿದರೆ ಯಾರಿಗೂ ಗೊತ್ತಾಗದು ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಹಸಿರು ಕಂಡ್ರೆ ಆಯ್ತಾ? ಅದು ಅಪೊಲೊನಿಯಾ ಬಾಯಮ್ಮ ನೆಟ್ಟದ್ದಾ?" ಎಂದೆ. ಇವರು ಕಣ್ಣು ಒರೆಸಿಕೊಂಡದ್ದನ್ನು ಕಂಡು ಯಾಕಾದರೂ ಅಂದೆನೋ ಎನಿಸಿತು.

ಆದರೂ ಕಿತ್ತು ಹಾಕಿದ ಆ ರಾಶಿ ಏನಾಯಿತೆಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಕುತೂಹಲ ನನಗೆ ಹುಟ್ಟಿನಿಂದ ಬಂದ ಕಾಯಿಲೆ, ಪಕ್ಕದ ಮನೆಯ ಕುಕ್ಕರು ಕೂಗಿದರೂ ಒಳಗೇನಿದೆಯೆಂದು ತಿಳಿಯಬೇಕು. ಆ ಸಂದಿಗೆ ನಾವು ಯಾರೂ ಹೋಗುತ್ತಿರಲಿಲ್ಲ. ಹೋಗಿ ಮೇಲಿನ ಒಣ ಪದರವನ್ನು ಕಾಲಿನಿಂದ ಸರಿಸಿದೆ. ಪೈಪಿನಿಂದ ಎಸಿ ನೀರು ತೊಟ್ಟಿಕ್ಕುವ ಕಡೆ ಹಸಿರು ಬಳ್ಳಿಗಳು ಗೋಡೆಯುದ್ದಕ್ಕೂ ಹರಿದಿದ್ದವು. ಹುಲ್ಲು ಕತ್ತರಿಸುವ ಮೆಷಿನ್ನು ತಾಗದೆ ಉದ್ದ ಬೆಳೆದಿದ್ದ ಒಂದು ಕುಡಿ ಚಿವುಟಿದೆ. ತುದಿಯಲ್ಲಿ ಮೂರು ಎಸಳು.

ಗರಿಕೆ! ಪ್ರತಿ ಚೌತಿಗೆ ಗಣಪತಿಗೆಂದು ಬರ್ ದುಬೈಯ ಅಂಗಡಿಯಿಂದ ಪೊಟ್ಟಣ ಕಟ್ಟಿಸಿ ತರುವ ಗರಿಕೆ. ಹಿತ್ತಿಲಿನಲ್ಲಿ ಬೋಳಿಸಿದ ತಲೆಯ ಹಾಗೆ ಕತ್ತರಿಸಿ ಇಟ್ಟಿದ್ದಕ್ಕೆ ನಾವು ಗುರುತೇ ಹಿಡಿದಿರಲಿಲ್ಲ. ಊರಿನಲ್ಲಿ ಅಂಗಳದಿಂದ ಕಿತ್ತು ಎಸೆದಷ್ಟೂ ಬರುವ ಗರಿಕೆಯನ್ನು ಕೊಂದವರುಂಟೇ? ನಾನು ಇವರನ್ನು ಕೂಗಿದೆ. ಇವರು ಬಂದು ಆ ಒದ್ದೆಯಲ್ಲೇ ಕೂತುಬಿಟ್ಟರು.

ಬಿಸಿಲು ಇಳಿದ ಮೇಲೆ ನಾನು ಸೀರೆ ಎತ್ತಿ ಕಟ್ಟಿದೆ. ಇವರು ಬಳ್ಳಿಗಳನ್ನು ಗೆಣ್ಣು ಗೆಣ್ಣಾಗಿ ಬಿಡಿಸಿ ಸೂಡಿ ಕಟ್ಟಿ ಕೊಟ್ಟರು, ನಾನು ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹಾಗೆ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಾಲು ಹಿಡಿದು ನೆಟ್ಟೆ. ಸೊಂಟ ಬಿದ್ದುಹೋಗುವ ಹಾಗಾಯಿತು. ಹಲವು ಸಂಜೆಗಳ ಕೆಲಸ. ನಮ್ಮನ್ನು ಕೆಡಿಸಿದ ಆ ಬಿಸಿಲೇ ಈಗ ಗರಿಕೆಯನ್ನು ಎಬ್ಬಿಸಿತು. ಆದರೂ ಜೂನ್ ಕೊನೆಗೆ ಹಿತ್ತಿಲು ಪೂರ್ತಿ ತುಂಬಲಿಲ್ಲ. ಸಾಲುಗಳ ನಡುವೆ ಬೋಳು ಮರಳು ಎದ್ದು ಕಾಣುತ್ತಿತ್ತು.

ಒಲಿಂಡಾ ಬಂದ ದಿನ ನಾನು ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ. ಇವರು ತಲೆ ತಗ್ಗಿಸಿ ಗೋಡೆಗೊರಗಿ ನಿಂತಿದ್ದರು. ಅವಳು ಷೂ ಬಿಚ್ಚಿ ಹಿತ್ತಿಲಿಗೆ ನಡೆದಳು. ಬಹಳ ಹೊತ್ತು ಆ ಸಾಲುಗಳನ್ನೇ ನೋಡಿದಳು. ಇನ್ನು ನಮ್ಮ ಸ್ನೇಹ ಮುಗಿಯಿತೆಂದುಕೊಂಡೆ.

"ಅಮ್ಮ ನೆಟ್ಟಾಗ್ಲೂ ಹೀಗೇ ಸಾಲು ಕಾಣ್ತಿತ್ತು ವಸಂತಿಯಕ್ಕ" ಎಂದಳು ಕೊನೆಗೆ. "ಆಮೇಲೆ ತುಂಬಿಕೊಂಡು ಬಿಟ್ಟಿತು, ನನಗೆ ಮರ್ತೇ ಹೋಗಿತ್ತು."

ಮತ್ತೆ, ಇನ್ನೂ ಬಳ್ಳಿ ಉಳಿದಿದೆಯೇ ಎಂದು ಕೇಳಿದಳು. ಇವರು ಸಂದಿಗೆ ಓಡಿ ಒಂದು ಸೂಡಿ ತಂದುಕೊಟ್ಟರು. ಒಲಿಂಡಾ ಪ್ರಯಾಣದ ಬಟ್ಟೆಯಲ್ಲೇ ಬಗ್ಗಿ, ಗೋಡೆಯ ಬುಡದ ಬೋಳು ಜಾಗದಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ನೆಡತೊಡಗಿದಳು. ಅವಳು ಗದ್ದೆಗೆ ಇಳಿದವಳೇ ಅಲ್ಲ. ಯಾರು ಕಲಿಸಿದರೆಂದು ಕೇಳಿದೆ. ಲಾಕ್‌ಡೌನಿನ ಆ ದಿನಗಳಲ್ಲಿ ಆಫೀಸಿನ ಆನ್‌ಲೈನ್ ಮೀಟಿಂಗ್ ನಡುವೆ ಕಿಟಕಿಯಿಂದ ಅಮ್ಮನನ್ನು ನೋಡುತ್ತಿದ್ದಳಂತೆ, ಇಳಿದು ಬಂದು ಒಂದು ಕಡ್ಡಿಯನ್ನೂ ನೆಟ್ಟಿರಲಿಲ್ಲವಂತೆ.