ಬ್ರೇಕರಿಗೆ ಕಟ್ಟಿದ ತೊಗಟೆ ಬಟ್ಟೆ

ಮೀನಿನ ಕಾರ್ಖಾನೆಯಲ್ಲಿ ಉಕ್ಕಿನ ಮೇಜು ಮುಟ್ಟಿದ ಮೆರೆಯೋನಿ ಎಂಬವಳಿಗೆ ಮೊಳಕೈವರೆಗೂ ಕರೆಂಟು ಹೊಡೆಯಿತು. ಜೀವ ಉಳಿಯಿತು. ಹಾಗಾದಾಗ ವಿದ್ಯುತ್ತು ತಾನಾಗಿಯೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆ ಒದ್ದೆ ನೆಲದ ಮೇಲೆ ಊರಿನ ಅರ್ಧ ಹೆಂಗಸರು ನಿಂತು ಮೀನು ಕೊಯ್ಯುತ್ತಾರೆ.

ವಿದ್ಯುತ್ ಉಪಕರಣಗಳ ಪರೀಕ್ಷೆ ಮಾಡಲು ರಾಜಧಾನಿ ಸುವಾದಿಂದ ದೋಣಿಯಲ್ಲಿ ತೊರಿಕಾ ಬಂದಳು. ಸ್ವಿಚ್ ಕೋಣೆಯ ಬೀಗದ ಕೈ ಕಾವಲಿನ ಇಲಿಸೇವಾಳ ಬಳಿ ಇತ್ತು. ಅವಳ ಗಂಡ ಅಪೆನಿಸಾ ಅಲ್ಲಿನ ಎಲೆಕ್ಟ್ರಿಷಿಯನ್ ಆಗಿದ್ದ. ಅವನು ತೀರಿಕೊಂಡಾಗ ಅವಳು ವಿದ್ಯುತ್ತು ಕಡಿಯುವ ದೊಡ್ಡ ಬ್ರೇಕರಿನ ಹಿಡಿಗೆ ಮರದ ತೊಗಟೆಯ ಬಟ್ಟೆ ಕಟ್ಟಿದ್ದಳು, ಸಾವಾದಾಗ ಯಾರೂ ಮೀನು ಹಿಡಿಯದಂತೆ ಕಡಲಲ್ಲಿ ನಿಷೇಧದ ಕಂಬ ನೆಡುವ ಹಾಗೆ. ನಾಲ್ಕು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಮ್ಯಾನೇಜರೂ ಮರ್ಯಾದೆಗೆ ಸುಮ್ಮನಿದ್ದರು.

ಸಂಜೆ ಅವಳು ಆ ಕೋಣೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ಒಳಗಿನ ಗುಂಯ್ ಸದ್ದು ಬೆನ್ನಿಗೆ ತಾಗುತ್ತಿತ್ತು. ಮನೆಯಲ್ಲಿ ಅಷ್ಟು ಸದ್ದೂ ಇರಲಿಲ್ಲ.

ತೊರಿಕಾ ಹಿರಿಯರಿಗೆ ಕೊಡುವ ಕಾಣಿಕೆಯಾದ ಕಾವಾ ಬೇರನ್ನು ಅವಳ ಮುಂದಿಟ್ಟಳು. "ಕೀ ಕೊಡು ಬೂಬೂ," ಎಂದಳು. ಅಲ್ಲಿ ಅಜ್ಜಿಯರನ್ನು ಹಾಗೆ ಕರೆಯುತ್ತಾರೆ.

"ಚೆನ್ನಾಗಿರೋದನ್ನ ಯಾಕೆ ಕೆದಕ್ತೀಯ? ಇಷ್ಟು ವರ್ಷ ಒಂದ್ಸಲನೂ ಕೆಟ್ಟಿಲ್ಲ."

"ನೋಡದೇನೇ ಹೆಂಗೆ ಹೇಳ್ತೀಯ?"

"ಪೆಟ್ಟಿಗೆ ಹೊತ್ಕೊಂಡು ದ್ವೀಪದಿಂದ ದ್ವೀಪಕ್ಕೆ ಅಲೀತೀಯ. ಮದ್ವೆ ಆಗಿದ್ರೆ ಮನೇಲಿರ್ತಿದ್ದೆ."

"ಆಗಿದ್ದೆ ಬೂಬೂ. ಅವನನ್ನೂ ಪರೀಕ್ಷೆ ಮಾಡ್ದೆ, ಫೇಲಾದ."

ಇಲಿಸೇವಾ ನಗು ನುಂಗಿಕೊಂಡಳು. ತೊರಿಕಾ ಪಕ್ಕದಲ್ಲಿ ಕೂತಳು.

"ರಿಲೇ ಅಂದ್ರೆ ಕಾವಲುಗಾರ, ನಿನ್ನ ಹಾಗೇ. ಕರೆಂಟು ದಾರಿ ತಪ್ಪಿದ್ರೆ ಕೂಗ್ತಾನೆ. ಕೂಗು ಕೇಳಿ ಬಾಗಿಲು ಹಾಕೋದು ಬ್ರೇಕರು. ಬಾಗಿಲೇ ಬಿಗಿದುಕೊಂಡಿದ್ರೆ ಕೂಗಿ ಏನು ಬಂತು?"

ಇಲಿಸೇವಾ ಸೊಂಟದ ಕೀಯನ್ನು ಮುಷ್ಟಿಯಲ್ಲಿ ಹಿಡಿದಳು.

"ಕಡಲ ನಿಷೇಧಾನೂ ನೂರು ರಾತ್ರಿ ಕಳೆದ್ಮೇಲೆ ಬಿಡಿಸ್ತೀವಲ್ಲ ಬೂಬೂ."

"ಬಿಚ್ಚಿದ್ರೆ ಅವನು ಪೂರ್ತಿ ಹೋದ ಹಾಗೆ."

"ಮೆರೆಯೋನಿ ಹೋಗಿದ್ರೆ? ಅವಳ ಬಟ್ಟೆ ಎಲ್ಲಿ ಕಟ್ತಿದ್ರು?"

ಇಲಿಸೇವಾ ಸೊಂಟದಿಂದ ಕೀ ಬಿಚ್ಚಿ ಕೊಟ್ಟಳು.

ಮರುದಿನ ಹೊರಗಿನಿಂದಲೇ ವಿದ್ಯುತ್ತು ಕಡಿದರು. ಗುಂಯ್ ಸದ್ದು ನಿಂತಿತು. ಕರೆಂಟಿಲ್ಲವೆಂದು ಮೀಟರಿನಲ್ಲಿ ನೋಡಿ, ಯಾರೂ ಹಾಕದಂತೆ ಬೀಗ ಜಡಿದು, ತೊರಿಕಾ ಅವಳನ್ನು ಒಳಗೆ ಕರೆದಳು. ಇಲಿಸೇವಾ ತಾನೇ ಗಂಟು ಬಿಚ್ಚಿ, ಬಟ್ಟೆ ಮಡಿಸಿಕೊಂಡು ಬಾಗಿಲಾಚೆ ನಿಂತಳು.

ತೊರಿಕಾ ತನ್ನ ಪೆಟ್ಟಿಗೆಯಿಂದ ರಿಲೇಗೆ, ಕರೆಂಟು ದಾರಿ ತಪ್ಪಿದೆ ಎಂಬ ಸುಳ್ಳು ಸಂಕೇತವೊಂದನ್ನು ಕೊಟ್ಟಳು. ಕೆಂಪು ದೀಪ ಹತ್ತಿತು. ಬ್ರೇಕರ್ ಅಲುಗಲಿಲ್ಲ.

"ನೋಡಿದ್ಯಾ? ಕಾವಲುಗಾರ ಕೂಗ್ತಾನೇ ಇದಾನೆ."

ನಾಲ್ಕು ವರ್ಷ ಯಾರೂ ಮುಟ್ಟದ ಬ್ರೇಕರಿನೊಳಗೆ ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು. ತೊರಿಕಾ ಅದನ್ನು ಒರೆಸಿ, ಹೊಸದು ಹಚ್ಚಿ, ಮತ್ತೆ ಪರೀಕ್ಷಿಸಿದಳು. ಟಪ್ಪೆಂದು ಬ್ರೇಕರ್ ಬಾಗಿಲು ಹಾಕಿತು. ಮತ್ತೊಮ್ಮೆ, ಮಗದೊಮ್ಮೆ.

"ಈ ಸದ್ದು ಕೇಳಿದ ದಿನ ಅವನು, 'ಇವತ್ತು ನಿದ್ದೆ ಬರುತ್ತೆ' ಅಂತಿದ್ದ," ಎಂದಳು ಇಲಿಸೇವಾ. ಅವಳು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಕೇಳುವವರೂ ಇರಲಿಲ್ಲ.

ಮೇಜಿನ ಕೆಟ್ಟ ವಯರನ್ನೂ ಬದಲಿಸಿ ವಿದ್ಯುತ್ತು ಹಾಕಿದ ಮೇಲೆ, ಸಂಜೆ ಅವಳು ಮತ್ತೆ ಗೋಡೆಗೆ ಒರಗಿದಳು. ಅದೇ ಸದ್ದು. ಮಡಿಲಲ್ಲಿ ಬಟ್ಟೆ. ತುಸು ದೂರದಲ್ಲಿ ಮೆರೆಯೋನಿ ಕೈ ತೊಳೆದುಕೊಂಡು ಮನೆಗೆ ಹೊರಟಿದ್ದಳು.

ಅಕ್ಕಾ, ತಂಗೀ, ನೀವು ದುಡಿಯುವ ಕಡೆಯೂ ಗೋಡೆಯ ಹಿಂದೆ ಇಂಥದೊಂದು ಬ್ರೇಕರ್ ಇದೆ. ಅದನ್ನೂ ರಿಲೇಯನ್ನೂ ಕೊನೆಗೆ ಪರೀಕ್ಷಿಸಿದ್ದು ಯಾವಾಗ ಎಂದು ನಾಳೆಯೇ ಕೇಳಿ. ನೀವು ಮುಟ್ಟಬೇಡಿ, ಬಲ್ಲವರನ್ನು ಕರೆಸಿ. ಕೆಲಸ ಅರ್ಧ ದಿನ ನಿಂತರೆ ನಿಲ್ಲಲಿ. ಸಂಜೆ ನಿಮ್ಮ ದಾರಿ ಕಾಯುವವರು ಯಾರೋ ಇದ್ದಾರೆ. ಅವರನ್ನು ಒಂಟಿ ಮಾಡಬೇಡಿ.