ಬಣ್ಣವಿಲ್ಲದ ಉಗುರು

ಅಂದು ಬೆಳಿಗ್ಗೆ ಅಮೆರಿಕದ ವೂಸ್ಟರಿನಲ್ಲಿ ಸುರಿದ ಮಳೆ ನೆಲ ಮುಟ್ಟುತ್ತಲೇ ಹೆಪ್ಪುಗಟ್ಟುತ್ತಿತ್ತು. ಮರದ ರೆಂಬೆ, ಕರೆಂಟಿನ ತಂತಿ, ಪರೀಕ್ಷೆ ನಡೆಯುವ ಕಟ್ಟಡದ ಮೆಟ್ಟಿಲು, ಎಲ್ಲದಕ್ಕೂ ಗಾಜಿನ ಹೊದಿಕೆ. ಲಿಯೆನ್ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ, ಸಾಮಾನಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹತ್ತಿದಳು. ಐವತ್ತು ದಾಟಿದ ಮಂಡಿಗೆ ನೋವು ಹೊಸದಲ್ಲ. ಪರೀಕ್ಷೆ ಹೊಸದು.

ಬಾಗಿಲ ಬಳಿಯ ಮೇಜಿನಲ್ಲಿ ವಾಲ್ಟರ್ ಎಂಬ ಮುದುಕ ಹೆಸರಿಗೆ ಗುರುತು ಹಾಕಿದ. "ಉಗುರಿನ ಲೈಸೆನ್ಸಾ? ಉಗುರು ತಿದ್ದಿಸ್ಕೊಳ್ಳೋ ನಿಮ್ಮ ಮಾಡೆಲ್ ಎಲ್ಲಿದ್ದಾಳಮ್ಮ?"

"ಬರ್ತಾಳೆ," ಎಂದಳು ಲಿಯೆನ್. ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಒಂಬತ್ತಕ್ಕೆ ಬಾಗಿಲು ಹಾಕ್ಬಿಡ್ತೀನಿ ನೋಡಿ. ಮಾಡೆಲ್ ಇಲ್ದಿದ್ರೆ ಮನೆಗೆ ಹೋಗಿ ಮತ್ತೆ ಅರ್ಜಿ ಹಾಕ್ಬೇಕು, ಮತ್ತೆ ಕಾಯ್ಬೇಕು. ನಾನು ಮಾಡಿದ ಕಾನೂನಲ್ಲ ತಾಯಿ, ನನ್ನ ಮೇಲೆ ಸಿಟ್ಟಾಗ್ಬೇಡಿ."

ಸಿಟ್ಟಾಗಲು ಅವಳಲ್ಲಿ ತ್ರಾಣವಿರಲಿಲ್ಲ. ವಿಯೆಟ್ನಾಮಿನಿಂದ ಬಂದು, ಚಿಕ್ಕಪ್ಪನ ಮಗನ ಅಂಗಡಿಯಲ್ಲಿ ಹನ್ನೊಂದು ವರ್ಷ ಲೈಸೆನ್ಸಿಲ್ಲದೆ ಗಿರಾಕಿಗಳ ಕಾಲು ತೊಳೆದು ಉಗುರು ತಿದ್ದಿದವಳು. ಕಳೆದ ವರ್ಷ ತನಿಖೆಯವರು ಬಂದು ಹೋದ ಮೇಲೆ ಅವನು ತಲೆ ತಗ್ಗಿಸಿ, "ಅಕ್ಕಾ, ಬರೋ ಟೆಟ್ ಹೊಸವರ್ಷದ ಹಬ್ಬದೊಳಗೆ ಲೈಸೆನ್ಸ್ ತಗೊಂಡ್ಬಿಡು. ಇಲ್ಲಾಂದ್ರೆ ನಿನ್ನ ಕುರ್ಚಿಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ," ಎಂದಿದ್ದ. ಅಂದಿನಿಂದ ಹಗಲು ಅಂಗಡಿ, ಸಂಜೆ ಶಾಲೆ. ಬೆರಳಿನ ಮೂಳೆಗಳ ಹೆಸರು, ಉಗುರಿನ ರೋಗ, ಕಣ್ಣಿಗೆ ಕಾಣದ ಕ್ರಿಮಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಬೇಕು. ಶಾಲೆಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ಆ ಗಂಟೆ ಲೆಕ್ಕಕ್ಕೆ ಸೇರುತ್ತದೆ. ಬಸ್ಸು ತಡವಾದ ದಿನ ಯಂತ್ರಕ್ಕೆ ಕರುಣೆ ಇರುತ್ತಿರಲಿಲ್ಲ. ಒಮ್ಮೆ ಅಭ್ಯಾಸದ ಪ್ಲಾಸ್ಟಿಕ್ ಕೈಯನ್ನೇ ದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದನ್ನು ಕಂಡು ತರಗತಿಯೆಲ್ಲ ನಕ್ಕಿತ್ತು.

ಪರೀಕ್ಷೆಗೆ ಪ್ಲಾಸ್ಟಿಕ್ ನಡೆಯದು. ಜೀವವಿರುವ ಕೈ ಬೇಕು, ಉಗುರಿನ ಮೇಲೆ ಬಣ್ಣ, ಅಂಟು ಏನೂ ಇರಬಾರದು. ಅದಕ್ಕೇ ಶಾಲೆಯ ಹೆಂಗಸರಲ್ಲಿ ಒಂದು ವಾಡಿಕೆ: ನಿನ್ನ ಪರೀಕ್ಷೆಗೆ ನಾನು ಕೂರುತ್ತೇನೆ, ನನ್ನದಕ್ಕೆ ನೀನು. ವಸಂತದಲ್ಲಿ ಥಾವೊ ಎಂಬ ಹುಡುಗಿಯ ಪರೀಕ್ಷೆಗೆ ಲಿಯೆನ್ ಕೂತಿದ್ದಳು. ನಡುಗುವ ಹುಡುಗಿಯ ಕತ್ತರಿ ಹೆಬ್ಬೆರಳ ಅಂಚಿಗೆ ತಗುಲಿ ರಕ್ತ ಜಿನುಗಿತು. ಲಿಯೆನ್ ಕೈ ಹಿಂದೆಳೆಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಹುಡುಗಿ ಉಸಿರು ತಂದುಕೊಂಡು, ಹೊಸ ಕೈಗವಸು ತೊಟ್ಟು, ಕಲಿಸಿದಂತೆಯೇ ಗಾಯ ತೊಳೆದು ಪಟ್ಟಿ ಸುತ್ತಿದಳು. ಪಾಸಾದಳು.

ಮೊನ್ನೆ ಅದೇ ಥಾವೊ ಫೋನ್ ಮಾಡಿದ್ದಳು. "ಅಕ್ಕಾ, ಈ ಭಾನುವಾರವೇ ನನ್ನ ನಿಶ್ಚಿತಾರ್ಥ ಅಂತ ಆಯ್ತು. ಪ್ಲಾಸ್ಟಿಕ್ ಉಗುರು ಅಂಟಿಸಿ ಹರಳು ಕೂರಿಸಿಯೂ ಆಯ್ತು. ಬೇರೆ ಯಾರಾದ್ರೂ ಸಿಗಲ್ವಾ?"

"ಸಿಗ್ತಾರೆ ಬಿಡಮ್ಮ. ಒಳ್ಳೇದಾಗ್ಲಿ," ಎಂದಿದ್ದಳು ಲಿಯೆನ್. ಹೆಬ್ಬೆರಳಿನ ಮಾತೆತ್ತಲಿಲ್ಲ.

ಸಿಗಲಿಲ್ಲ. ಅವಳ ಬೀದಿಯ ಹೆಂಗಸರೆಲ್ಲ ಉಗುರಿನ ಕೆಲಸದವರೇ, ಶನಿವಾರ ಯಾರಿಗೂ ರಜೆ ಇಲ್ಲ, ಬೋಳು ಉಗುರು ಒಬ್ಬರಿಗೂ ಇಲ್ಲ. ಆದರೂ ಬಂದಿದ್ದಳು. ಅಷ್ಟು ಸಂಜೆಗಳನ್ನು ಸವೆಸಿದ ಮೇಲೆ ಮನೆಯಲ್ಲಿ ಮಲಗಿರಲು ಮನಸ್ಸು ಒಪ್ಪಲಿಲ್ಲ.

"ನೀವೇ ಕೂತ್ಕೊಳ್ಳಿ ಮತ್ತೆ," ಎಂದಳು ವಾಲ್ಟರನಿಗೆ. "ನಿಮ್ಮ ಉಗುರು ಚೆನ್ನಾಗೇ ಬೆಳೆದಿದೆ."

"ನನ್ನದಾ! ಪರೀಕ್ಷಕಿ ನೋಡಿದ್ರೆ ಕಿಟಕಿಯಿಂದ ಹಾರ್ಕೊಂಡು ಹೋಗ್ತಾಳೆ." ಮುದುಕ ನಕ್ಕ. ಆಮೇಲೆ ಗಡಿಯಾರ ನೋಡಿ ನಗು ನಿಲ್ಲಿಸಿದ.

ಲಿಯೆನ್ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದಳು. ದೇಗುಲದ ಕ್ವಾನ್ ಆಮ್ ತಾಯಿ ಕಣ್ಣ ಮುಂದೆ ಬಂದಳು, ದುಃಖದಲ್ಲಿರುವವರನ್ನೆಲ್ಲ ಮುಟ್ಟಲು ಸಾವಿರ ಕೈ ತಳೆದವಳು. ಸಾವಿರ ಇಟ್ಟುಕೊಂಡಿದ್ದೀಯ ತಾಯಿ, ನನಗೆ ಇವತ್ತೊಂದು ದಿನಕ್ಕೆ ಒಂದು ಸಾಕು. ಹೀಗೆ ಬೇಡಿ, ಬೇಡಿದ್ದಕ್ಕೆ ತಾನೇ ನಾಚಿ ಸುಮ್ಮನಾದಳು. ಆಯಾಸದ ತಳದಲ್ಲಿಯೂ ಒಂದು ಶಾಂತಿ ಇರುತ್ತದೆ. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ವಾಲ್ಟರ್ ಬೀಗದ ಕೈ ಹಿಡಿದು ಎದ್ದ. ಹೊರಗೆ ಯಾರೋ ಜಾರಿ ಕಂಬಿಗೆ ಬಡಿದ ಸದ್ದಾಯಿತು. ಕೂದಲಿಗೆಲ್ಲ ಮಂಜಿನ ಹರಳು ಮೆತ್ತಿಕೊಂಡ ಥಾವೊ ಏದುಸಿರು ಬಿಡುತ್ತ ಒಳಗೆ ಬಂದಳು.

"ಬೈಬೇಡಕ್ಕಾ. ಬಸ್ಸು ಗುಡ್ಡ ಹತ್ತಲಿಲ್ಲ, ನಡೆದೇ ಬಂದೆ."

"ನಿನ್ನ ಹರಳೆಲ್ಲಿ ಹೋಯ್ತೇ?"

"ಅನ್ನದ ಬಟ್ಟಲಲ್ಲಿ ಬಿದ್ದಿವೆ. ಅಂಟು ಬಿಡಿಸೋಕೆ ಬೆರಳು ನೆನೆಸಿಟ್ಕೊಂಡು ಕೂತಿದ್ದೆ. ಮನೆಯೆಲ್ಲ ಅಸಿಟೋನ್ ವಾಸನೆ ಅಂತ ಅಮ್ಮ ಪೊರಕೆ ಎತ್ಕೊಂಡ್ಲು."

"ನಾಳೆ ಗಂಡಿನ ಕಡೆಯವರು ಉಂಗುರ ಹಾಕೋವಾಗ ಕೈ ನೋಡಲ್ವೇನೇ?"

"ನೋಡ್ಲಿ. ಉಂಗುರ ಬೋಳು ಬೆರಳಿಗೂ ಹಿಡಿಯುತ್ತೆ."

ಅವರ ಹಿಂದೆ ವಾಲ್ಟರ್ ಬಾಗಿಲು ಹಾಕಿದ.

ಒಳಗೆ ಲಿಯೆನ್ ಮೇಜು ಒರೆಸಿ, ತೊಳೆದ ಬಿಳಿ ಟವೆಲು ಹಾಸಿ, ಸಾಮಾನುಗಳನ್ನು ಸಾಲಾಗಿ ಇಟ್ಟಳು. ಪರೀಕ್ಷಕಿ ಶುರುಮಾಡಿ ಎಂದಳು. ಥಾವೊ ಅಂಗಿಯ ತೋಳು ಮೇಲೆ ಸರಿಸಿದಳು. ಅಂಟು ಕಿತ್ತು ಸಿಪ್ಪೆಯಂತೆ ತೆಳ್ಳಗಾದ, ನೋಯುತ್ತಿದ್ದ ಉಗುರುಗಳ ತನ್ನ ಬಲಗೈಯನ್ನು ಟವೆಲಿನ ಮೇಲೆ ಮೆಲ್ಲನೆ ಇಟ್ಟಳು. ಲಿಯೆನ್ ತನ್ನ ಗಾಯದ ಗುರುತಿನ ಹೆಬ್ಬೆರಳಿನಿಂದ ಅದನ್ನು ಹಿಡಿದಳು. ಥಾವೊಳ ಕೈ ಅಲುಗಲಿಲ್ಲ.